ನಮ್ಮ ಅಭ್ಯರ್ಥಿಗಳನ್ನೂ ಎದುರುಬದುರು ಕೂರಿಸಿ: ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ, ಹುಬ್ಬಳ್ಳಿಯಿಂದ ನಮಸ್ಕಾರ.

2024ರ ಲೋಕಸಭೆ ಚುನಾವಣೆ ಹೊತ್ತಿಗೆ ಟಿವಿಯವರು ನಮ್ಮೂರಿಗೂ ಬಂದಿದ್ದರು. ಮೈದಾನದಲ್ಲಿ ಪಕ್ಷಗಳವರನ್ನು ಕೂರಿಸಿ ಚರ್ಚೆ ಮಾಡಿಸಿದರು. ನಾನು, ಅವ್ವ ಮನೆಯಲ್ಲಿ ಕೂತು ನೋಡಿದೆವು. ನಿರೂಪಕರು ಕೇಳಿದ ಪ್ರಶ್ನೆ ಚೆನ್ನಾಗಿತ್ತು: ನಳಕ್ಕೆ ದಿನಾ ನೀರು ಯಾವಾಗ ಬರುತ್ತದೆ? ಒಬ್ಬರು ಬಾಯಿ ತೆರೆದರು. ‘ನಿಮ್ಮ ಸರ್ಕಾರ ಇದ್ದಾಗ ಏನು ಮಾಡಿದ್ರಿ?’ ಅಂತ ಪಕ್ಕದವರು ಶುರು ಮಾಡಿದರು. ಹಿಂದೆ ನಿಂತ ಹುಡುಗರು ಜೈಕಾರ ಹಾಕಿದರು. ಅಷ್ಟರಲ್ಲಿ ಜಾಹೀರಾತು ಬಂತು.

“ನೀರು ಯಾವಾಗ ಬರ್ತೈತಂತ?” ಅಂತ ಅವ್ವ ಕೇಳಿದಳು. ಯಾರೂ ಹೇಳಿರಲೇ ಇಲ್ಲ.

ಅದೇ ವರ್ಷ ಅಮೆರಿಕದ ಅಟ್ಲಾಂಟಾದಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಬೈಡನ್ ಮತ್ತು ಟ್ರಂಪ್ ನಡುವೆ ಟಿವಿ ಚರ್ಚೆ ಆಯಿತು. ನಮ್ಮಲ್ಲಿ ಆಗ ಜೂನ್ 28ರ ಬೆಳಿಗ್ಗೆ ಆರೂವರೆ. ಸ್ಟುಡಿಯೋದಲ್ಲಿ ಪ್ರೇಕ್ಷಕರಿಲ್ಲ, ಚಪ್ಪಾಳೆ ಇಲ್ಲ. ಬರೆದುಕೊಂಡು ಬಂದ ಚೀಟಿ ನೋಡುವಂತಿಲ್ಲ. ಇಬ್ಬರಿಗೂ ಒಂದು ಪೆನ್ನು, ಒಂದು ಪ್ಯಾಡ್, ಒಂದು ಬಾಟಲಿ ನೀರು, ಅಷ್ಟೇ. ಉತ್ತರಕ್ಕೆ 2 ನಿಮಿಷ. ಒಬ್ಬರ ಸರದಿಯಲ್ಲಿ ಇನ್ನೊಬ್ಬರ ಮೈಕ್ ಬಂದ್. ಅಲ್ಲಿ ಹೇಳಿದ್ದೆಲ್ಲ ನಿಜ ಅಂತ ನಾನು ಹೇಳುವುದಿಲ್ಲ. ಸುಳ್ಳು ಹೇಳಿದಾಗ ನಿರೂಪಕರು ತಡೆಯಬೇಕಿತ್ತು, ತಡೆಯಲಿಲ್ಲ. ಆದರೆ ಯಾರು ತಡವರಿಸಿದರು, ಯಾರು ಪ್ರಶ್ನೆ ಬಿಟ್ಟು ಬೇರೇನೋ ಮಾತಾಡಿದರು ಅನ್ನೋದು ಜನರಿಗೆ ಕಂಡಿತು. ಜುಲೈ 21ಕ್ಕೆ ಬೈಡನ್ ಕಣದಿಂದಲೇ ಹಿಂದೆ ಸರಿದರು.

ನಮ್ಮಲ್ಲಿ ದೂರದರ್ಶನ, ಆಕಾಶವಾಣಿಯಲ್ಲಿ ಪಕ್ಷಗಳಿಗೆ ಪುಕ್ಕಟೆ ಸಮಯ ಕೊಡುವ ಚುನಾವಣಾ ಆಯೋಗದ ಯೋಜನೆ 1998ರಿಂದ ಇದೆ. ಪಕ್ಷದವರು ಬರೆದದ್ದನ್ನು ಓದಿ ಎದ್ದು ಹೋಗುತ್ತಾರೆ. ಎದುರು ಕೂತು ಕೇಳುವವರು ಇಲ್ಲ. ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಆಸ್ತಿ, ಸಾಲ, ಕೇಸು ಎಲ್ಲಾ ಇರುತ್ತದೆ. ಅದು ಬಹಳ ಒಳ್ಳೆಯದು. ಆದರೆ ಮಹದಾಯಿ ನದಿಗೆ ಸೇರುವ ಕಳಸಾ-ಬಂಡೂರಿ ಹಳ್ಳಗಳಿಂದ ಮಲಪ್ರಭೆ ನದಿಗೆ 3.9 ಟಿಎಂಸಿ ನೀರು ತಿರುಗಿಸಬಹುದು ಅಂತ ಮಹದಾಯಿ ನ್ಯಾಯಮಂಡಳಿ 2018ರಲ್ಲೇ ಹೇಳಿದೆಯಲ್ಲ, ಅದಕ್ಕೆ ಈ ಅಭ್ಯರ್ಥಿ ಏನು ಮಾಡುತ್ತಾರೆ ಅನ್ನೋದು ಅದರಲ್ಲಿ ಇರುವುದಿಲ್ಲ. ನಮ್ಮ ಹುಬ್ಬಳ್ಳಿ-ಧಾರವಾಡ ಅವಳಿ ನಗರ ಕುಡಿಯುವುದು ಮಲಪ್ರಭೆಯ ನೀರು. ನರಗುಂದದ ರೈತರು ಇದಕ್ಕಾಗಿ ವರ್ಷಗಟ್ಟಲೆ ಧರಣಿ ಕೂತಿದ್ದಾರೆ. ಬ್ಯಾಡಗಿಯಲ್ಲಿ 2024ರ ಮಾರ್ಚ್‌ನಲ್ಲಿ ಮೆಣಸಿನಕಾಯಿ ದರ ಬಿದ್ದು ಗಾಡಿಗಳಿಗೆ ಬೆಂಕಿ ಬಿತ್ತು. ದರ ಮತ್ತೆ ಬಿದ್ದರೆ ಏನು ಮಾಡ್ತೀರಿ ಅಂತ ಹಾವೇರಿ ಕಡೆಯ ಅಭ್ಯರ್ಥಿಗಳನ್ನು ಒಂದೇ ಮೇಜಿನ ಮುಂದೆ ಕೇಳಬೇಕು ಅಲ್ವಾ?

ಧಾರವಾಡದಲ್ಲಿ 1950ರಿಂದ ಆಕಾಶವಾಣಿ ಇದೆ. ಸ್ಟುಡಿಯೋ ಇದೆ, ಈ ಭಾಗದ ಮಾತು ಬಲ್ಲವರು ಇದ್ದಾರೆ. ಒಂದೊಂದು ಕ್ಷೇತ್ರಕ್ಕೂ ಒಂದು ಗಂಟೆ ಕೊಡಿಸಿ. ಪ್ರಶ್ನೆಗಳನ್ನು ಮತದಾರರಿಂದ ತರಿಸಿ. ಸರದಿ ಇಲ್ಲದವರ ಮೈಕ್ ಬಂದ್ ಇರಲಿ. ಪಕ್ಷೇತರರನ್ನೂ ಕರೆಯಿರಿ. ಕಡ್ಡಾಯ ಮಾಡಲು ಕಾನೂನು ಅಡ್ಡ ಬಂದರೆ ಆಹ್ವಾನ ಕಳಿಸಿ ಸಾಕು. ಯಾರು ಬರಲಿಲ್ಲ ಅಂತ ಪ್ರಸಾರದ ಮೊದಲಲ್ಲೇ ಹೆಸರು ಹೇಳಲಿ.

ಮುಂದಿನ ವಿಧಾನಸಭೆ ಚುನಾವಣೆ 2028ರಲ್ಲಿ. ದೆಹಲಿಯ ಆಯೋಗದ ಒಪ್ಪಿಗೆ ಬೇಕಾದರೆ ಈಗಲೇ ಬರೆಯಿರಿ. ಬರೆದದ್ದನ್ನು ನಮಗೂ ತಿಳಿಸಿ.

ಇಂತಿ,
ಹುಬ್ಬಳ್ಳಿಯ ಒಬ್ಬ ಮತದಾರ