ಹಳೇ ಲೀಸು, ಹೊಸ ಬಾವಿ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿ ಜಮೀನು ಕೊಳ್ಳುವ ನಮ್ಮ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ನೆಲದಡಿಯ ಗ್ಯಾಸಿಗೆ ಯಾವತ್ತೋ ಬರೆದುಕೊಟ್ಟ ಹಳೇ ಲೀಸಿನ ವಿಷಯ ತಿಳಿಸೋಣ ಅಂತ ಈ ಪತ್ರ.

ಪೆನ್ಸಿಲ್ವೇನಿಯಾ ರಾಜ್ಯದ ವಾಷಿಂಗ್ಟನ್ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಥರ) ನನ್ನ ಮಗ 11 ಎಕರೆ ತಗೊಂಡಿದ್ದಾನೆ. ಹೋದ ಬೇಸಿಗೆಯಲ್ಲಿ ಅಲ್ಲಿದ್ದೆ. ಹೊಲದ ಮೂಲೆಯ ಪೊದೆಯಲ್ಲಿ ತುಕ್ಕು ಹಿಡಿದ, ಮೊಣಕಾಲೆತ್ತರದ ಪೈಪು. "ಹಳೇ ಗ್ಯಾಸ್ ಬಾವಿ ಅಪ್ಪ, ಏನೂ ಇಲ್ಲ" ಅಂದ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ 31 ವರ್ಷ ಪತ್ರ ಓದಿದವನು ಸುಮ್ನೆ ಇರೋಕಾಗುತ್ತಾ? ಕೌಂಟಿ ಕಚೇರಿಗೆ ಹೋಗಿ ತೆಗೆಸಿದೆವು. 1924ರ ಲೀಸು, ಟೈಪ್ ಮಾಡಿದ ಎರಡು ಹಾಳೆ. ಅವಧಿ ಹತ್ತು ವರ್ಷ, ಆಮೇಲೆ ಎಣ್ಣೆಯೋ ಗ್ಯಾಸೋ ಗಿಟ್ಟುವಷ್ಟು ಬರುವವರೆಗೂ. ಆ ಒಂದು ಸಾಲಿನಿಂದ ಲೀಸು ಇವತ್ತಿಗೂ ಉಸಿರಾಡುತ್ತಿದೆ.

ನಮ್ಮಲ್ಲಿ ಎಣ್ಣೆ, ಗ್ಯಾಸ್ ತೆಗೆಯಲು ಲೀಸು ಕೊಡುವುದು ಸರ್ಕಾರ. ಅಲ್ಲಿ ಜಮೀನಿನವನೇ ಕೊಡಬಹುದು. ಮೇಲಿನ ನೆಲ ಇಟ್ಟುಕೊಂಡು ಕೆಳಗಿನ ಹಕ್ಕು ಮಾತ್ರ ಮಾರಲೂಬಹುದು. ಸರಿ, "ಗಿಟ್ಟುವಷ್ಟು" ಅಂದರೆ ಎಷ್ಟು? 1928ರ ಲೀಸೊಂದರ ಜಗಳ ಆ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗಿತ್ತು. 1959ರಲ್ಲಿ ಸುಮಾರು 40 ಡಾಲರ್ ನಷ್ಟವಾಗಿದೆ, ಲೀಸು ಅಲ್ಲಿಗೇ ಮುಗಿಯಿತು ಅಂತ ಜಮೀನಿನವರ ವಾದ. ಲಾಭಕ್ಕೆಂದೇ ಪ್ರಾಮಾಣಿಕವಾಗಿ ಬಾವಿ ನಡೆಸುತ್ತಿದ್ದರೆ ಲೀಸು ಉಳಿಯುತ್ತದೆ ಅಂತ 2012ರಲ್ಲಿ ತೀರ್ಪಾಯಿತು. ಅದನ್ನಾದರೂ ಒಪ್ಪಬಹುದು.

ನನಗೆ ಹೊಟ್ಟೆ ಉರಿದದ್ದು 2013ರ ಕಾನೂನಿಗೆ. ಅಕ್ಕಪಕ್ಕದ ಲೀಸುಗಳು ಒಂದೇ ಕಂಪನಿಯ ಕೈಲಿದ್ದು, ಪತ್ರದಲ್ಲಿ ಬೇಡ ಅಂತ ಬರೆದಿಲ್ಲದಿದ್ದರೆ, ಎಲ್ಲ ಸೇರಿಸಿ ಅಡ್ಡಕ್ಕೆ ಕೊರೆಯಬಹುದು. ಮಗನ ಹೊಲದ ಅಡಿಗೂ ಹಾಗೇ ಬಂದಿದ್ದಾರೆ. ಒಂದು ಮೈಲಿಗೂ ಆಳಕ್ಕಿಳಿದು, ಅಲ್ಲಿಂದ ತಿರುಗಿ ಊರೆಲ್ಲ ಸುತ್ತುವ ಕೊಳವೆ 1924ರ ರೈತನ ಕನಸಿಗಾದರೂ ಬಂದಿತ್ತಾ? ಅಷ್ಟು ಆಳದ ಮಾರ್ಸೆಲಸ್ ಅನ್ನುವ ಶಿಲಾಪದರದ ಗ್ಯಾಸ್ ತೆಗೆಯಬಹುದು ಅಂತ ಆ ಕೌಂಟಿಯ ಬಾವಿಯೊಂದು ತೋರಿಸಿದ್ದೇ 2004ರಲ್ಲಿ. ಗೊತ್ತೇ ಇಲ್ಲದ್ದನ್ನು ಬೇಡ ಅಂತ ಬರೆಸೋದು ಹೇಗೆ? ಪತ್ರದಲ್ಲಿ ಇಲ್ಲದ್ದನ್ನು ಒಪ್ಪಿಗೆ ಅಂತ ನಾನು ಓದಿದ್ದರೆ ಪಾರ್ಟಿಗಳು ಕಚೇರಿ ಮುಂದೆಯೇ ಬಡಿದಾಡುತ್ತಿದ್ದರು.

ರಾಯಲ್ಟಿ, ಅಂದರೆ ತೆಗೆದ ಗ್ಯಾಸಿನಲ್ಲಿ ಜಮೀನಿನವನಿಗೆ ಸಲ್ಲುವುದು, ಎಂಟನೇ ಒಂದು ಪಾಲಿಗಿಂತ ಕಡಿಮೆ ಇರುವಂತಿಲ್ಲ ಅಂತ 1979ರ ಕಾನೂನಿದೆ. ಆದರೆ ಗ್ಯಾಸ್ ಸಾಗಿಸಿದ, ಶುದ್ಧ ಮಾಡಿದ ಖರ್ಚು ಹಿಡಿದುಕೊಳ್ಳಬಹುದು ಅಂತ 2010ರಲ್ಲಿ ಕೋರ್ಟು ಹೇಳಿದೆ. ಮಗನಿಗೆ ಬಂದ ಚೆಕ್ಕಿನ ಚೀಟಿ ನೋಡಿದರೆ ನಮ್ಮ ಕೊಬ್ಬರಿ ಮಂಡಿಯ ಲೆಕ್ಕವೇ: ಹಮಾಲಿ, ತೂಕ, ಕಮಿಷನ್. ಮಂಡಿಯಲ್ಲಾದರೆ ಎದುರು ನಿಂತು ಜಗಳ ಆಡಬಹುದು.

ಹಾಗಾಗಿ ಕೊಳ್ಳುವ ಮುಂಚೆ ಕೆಳಗಿನ ಹಕ್ಕು ಯಾರದು, ಹಳೇ ಲೀಸು ಇದೆಯಾ ಅಂತ ನೋಡಿಸಿ. ನಮ್ಮ ಇ.ಸಿ. ಥರ 30 ವರ್ಷಕ್ಕೆ ನಿಲ್ಲಿಸಬೇಡಿ. ಯಾವ ಬಾವಿ ಎಷ್ಟು ಗ್ಯಾಸ್ ಕೊಟ್ಟಿದೆ ಅನ್ನುವ ಲೆಕ್ಕ ಆ ರಾಜ್ಯದ ಪರಿಸರ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ವರ್ಷಗಟ್ಟಲೆ ನಿಂತಿದ್ದರೆ ವಕೀಲರನ್ನು ಹಿಡಿಯಿರಿ. ಲೀಸು ಬಿಟ್ಟುಕೊಟ್ಟಿದ್ದೇವೆ ಅಂತ ಕಂಪನಿಯಿಂದ ಬರೆಸಿ, ನೋಂದಣಿ ಮಾಡಿಸಿ.

ಅಂದಹಾಗೆ, ಅದೇ ಲೀಸಿನಲ್ಲಿ ಮನೆ ಬಳಕೆಗೆ ವರ್ಷಕ್ಕೆ 2 ಲಕ್ಷ ಘನ ಅಡಿ ಗ್ಯಾಸ್ ಪುಕ್ಕಟೆ ಅಂತಲೂ ಇದೆ. ಮಗನಿಗೆ ಗೊತ್ತೇ ಇರಲಿಲ್ಲ. ಕಂಪನಿಗೆ ಬರೆದು ನಾಲ್ಕು ತಿಂಗಳಾಯಿತು. ಹಳೇ ಪತ್ರ ಅಂತ ಕಾಣುತ್ತೆ, ಹುಡುಕುತ್ತಿದ್ದಾರಂತೆ.

— ನಿವೃತ್ತ ನೌಕರ, ತಿಪಟೂರು