ಸೊನ್ನೆ ಎಣಿಸಲು ಕಲಿಸಿದ ಅಕ್ಕನಿಗೆ

ಹೃದ್ರೋಗ ತಡೆ ಸಂಶೋಧನೆಯ ನಮ್ಮ ಬ್ಯಾಚಿನ ತರಬೇತಿ ಮುಗಿಯಿತು. ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಬಿಪಿ ಅಳೆದು, ಹೃದ್ರೋಗದ ಸಾವುಗಳ ವಿವರ ಬರೆದುಕೊಳ್ಳುವ ಅಧ್ಯಯನ ನಮ್ಮದು. ಮಾರ್ಗದರ್ಶಕರು, ನಸುಕಿಗೇ ಗಾಡಿ ತೆಗೆದ ಚಾಲಕರು, ಮನೆಮನೆ ತೋರಿಸಿದ ಆಶಾ ಕಾರ್ಯಕರ್ತೆಯರು, ಲ್ಯಾಬಿನವರು, ಎಲ್ಲರಿಗೂ ವಂದನೆ.

ಉಳಿದದ್ದೆಲ್ಲ ಡೇಟಾ ಕೋಣೆಯ ಅಕ್ಕನಿಗೆ.

ಇನ್ನು ಅಂಕಿ ತಿದ್ದುವಂತಿಲ್ಲ ಎಂದು ಡೇಟಾ ಲಾಕ್ ಮಾಡುವ ಹಿಂದಿನ ರಾತ್ರಿ ಒಂದು ಘಟಕದ ಬಿಪಿ ಕಾಲಮ್ಮಿನಲ್ಲಿ 120, 130, 140ಗಳೇ ತುಂಬಿದ್ದವು. ಮುಳ್ಳಿನ ಉಪಕರಣದಲ್ಲಿ ಗೆರೆಗಳು 2 ಮಿಲಿಮೀಟರಿಗೆ ಒಂದು. ಸರಿಯಾಗಿ ಓದಿದರೆ 0, 2, 4, 6, 8 ಒಂದೊಂದೂ ಕೊನೆಯಲ್ಲಿ ಸುಮಾರು ಶೇ. 20ರಷ್ಟು ಬರಬೇಕು. ಅರ್ಧಕ್ಕಿಂತ ಹೆಚ್ಚು ಸೊನ್ನೆ ಬಂದರೆ ಓದಿದವರು ಹತ್ತಿರದ ಹತ್ತಕ್ಕೆ ಜಾರಿಸಿದ್ದಾರೆ ಎಂದರ್ಥ. ಸರಾಸರಿ ಅಷ್ಟೇನೂ ಕೆಡದು. ಆದರೆ 138 ಹೋಗಿ, ಅಧಿಕ ಬಿಪಿಯ ಗೆರೆಯಾದ 140 ಆದ ಕೂಡಲೇ ಒಬ್ಬರು ರೋಗಿಗಳ ಪಟ್ಟಿಗೆ ಸೇರುತ್ತಾರೆ.

ಆ ಸಾಲುಗಳನ್ನು ಅಳಿಸಿಬಿಡೋಣ ಎಂಬ ಮಾತು ಬಂತು. ಅಕ್ಕ ಒಪ್ಪಲಿಲ್ಲ. ಅಳೆದವರ ಕೋಡ್, ಉಪಕರಣದ ಸಂಖ್ಯೆ, ತೋಳಿಗೆ ಸುತ್ತುವ ಪಟ್ಟಿಯ (ಕಫ್) ಅಳತೆ, ಹೊತ್ತು, ಹೀಗೆ ಒಂದೊಂದಾಗಿ ಬಿಡಿಸಿ ನೋಡಿಸಿದರು. ಸೊನ್ನೆಯ ಹಿಂದೆ ಇನ್ನೊಂದು ದೋಷ ಅಡಗಿತ್ತು: ದಪ್ಪ ತೋಳಿನವರಿಗೂ ಅದೇ ಮಧ್ಯಮ ಕಫ್. ಒಳಗಿನ ಗಾಳಿಚೀಲ ತೋಳಿನ ಸುತ್ತಳತೆಯ ಶೇ. 80ರಷ್ಟನ್ನಾದರೂ ಸುತ್ತದಿದ್ದರೆ ಇರುವುದಕ್ಕಿಂತ ಹೆಚ್ಚು ಬಿಪಿ ಕಾಣುತ್ತದೆ. ಮೂಲ ಅಂಕಿ ಹಾಗೇ ಉಳಿಯಿತು, ಪಕ್ಕದಲ್ಲಿ ಗುರುತು ಬಿತ್ತು. ಆ ಘಟಕವನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕುವುದೆಂದು ಫಲಿತಾಂಶ ತೆರೆಯುವ ಮುಂಚೆಯೇ ಬರೆದಿಟ್ಟೆವು. ನೋಡಿದ ಮೇಲೆ ತೀರ್ಮಾನಿಸಿದರೆ ನಮಗೆ ಬೇಕಾದ ಉತ್ತರವೇ ಸಿಗುತ್ತದಲ್ಲ!

ಅಕ್ಕನಿಗೆ ಸಾಫ್ಟ್‌ವೇರಿಗಿಂತ ಅಳತೆಗೆ ಮುಂಚಿನ 5 ನಿಮಿಷದ ಮೇಲೆ ನಂಬಿಕೆ ಹೆಚ್ಚು. ಬೆನ್ನಿಗೆ ಆನಿಕೆ, ಪಾದ ನೆಲಕ್ಕೆ, ಕಾಲ ಮೇಲೆ ಕಾಲಿಲ್ಲ, ತೋಳು ಎದೆಯ ಮಟ್ಟಕ್ಕೆ, ಮಾತಿಲ್ಲ. ಅರ್ಧ ಗಂಟೆ ಮೊದಲಿಂದ ಕಾಫಿ, ಬೀಡಿ ಇಲ್ಲ. ಮೂರು ಸಲ ಅಳೆದು, ಮೊದಲನೆಯದನ್ನು ಬಿಟ್ಟು, ಉಳಿದೆರಡರ ಸರಾಸರಿ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1930ರ ದಶಕದಿಂದ ಬರೆದಿಟ್ಟ ಹುಟ್ಟುತೂಕಗಳು ದಶಕಗಳ ನಂತರ, 1996ರಲ್ಲಿ, ಕಡಿಮೆ ತೂಕಕ್ಕೂ ಹೃದ್ರೋಗಕ್ಕೂ ಇರುವ ನಂಟು ತೋರಿಸಿದವು. ತಕ್ಕಡಿ ಸರಿಯಾಗಿ ಓದಿದ ಆ ಹೆರಿಗೆ ಕೋಣೆಯವರನ್ನು ಅಕ್ಕ ಆಗಾಗ ನೆನೆಯುತ್ತಾರೆ.

ಆ ರಾತ್ರಿಯೇ, ಸತ್ತವರ ಮನೆಯವರನ್ನು ಕೇಳಿ ತುಂಬಿದ ಸಾವಿನ ನಮೂನೆಗಳೂ ಬಾಕಿ ಇದ್ದವು. "ಗ್ಯಾಸ್ ಅಂದ್ಕೊಂಡು ಸೋಡಾ ಕುಡಿಸಿದ್ವಿ" ಎಂದು ಮನೆಯವರು ಹೇಳಿದ್ದನ್ನು ಓದುತ್ತ ನಮ್ಮಲ್ಲಿ ಕೆಲವರಿಗೆ ಮುಂದಕ್ಕೆ ಹೋಗಲಾಗಲಿಲ್ಲ. ಬಿಪಿ ಕಾಲಮ್ಮಿನಲ್ಲಿ ಇದ್ದವರೇ ಇಲ್ಲೂ ಇದ್ದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಅಕ್ಕ ಹಾಳೆ ತೆಗೆದುಕೊಂಡು ತಾವೇ ಗಟ್ಟಿಯಾಗಿ ಓದಿದರು, ಕೊನೆಯ ಸಾಲಿನವರೆಗೂ.

ಆಮೇಲೆ ಮೂರು ಸಮಯ ಬೇರೆಬೇರೆ ಬರೆಸಿದರು: ನೋವು ಶುರುವಾದದ್ದು, ಮನೆ ಬಿಟ್ಟದ್ದು, ಇಸಿಜಿ ಆದದ್ದು. ಒಟ್ಟಾಗಿ "ತಡ" ಎಂದರೆ ಎಲ್ಲಿ ತಡವಾಯಿತೆಂದು ತಿಳಿಯದು. ಆಸ್ಪತ್ರೆ ಮುಟ್ಟಿದ 10 ನಿಮಿಷದಲ್ಲಿ ಇಸಿಜಿ ಆಗಬೇಕು. ಹೆಪ್ಪು ಕರಗಿಸುವ ಮದ್ದು ಮೊದಲ ಗಂಟೆಗಳಲ್ಲೇ ಹೆಚ್ಚು ಕೆಲಸ ಮಾಡುವುದು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ ತಾಲ್ಲೂಕು ಆಸ್ಪತ್ರೆಗಳಿಗೂ ಟೆನೆಕ್ಟೆಪ್ಲೇಸ್ ಎಂಬ ಅಂಥ ಮದ್ದು ಬಂದ ಮೇಲೆ, ಮನೆ ಬಿಟ್ಟ ಆ ಎರಡನೆಯ ಸಮಯವೇ ನಮ್ಮ ಮುಂದಿನ ಪ್ರಶ್ನೆ.

ಹೊಸ ಬ್ಯಾಚಿನವರೇ, ಅಕ್ಕ ಇನ್ನೂ ಅದೇ ಕೋಣೆಯಲ್ಲಿದ್ದಾರೆ. ವಾರಕ್ಕೊಮ್ಮೆ ಕೊನೆಯ ಅಂಕಿಗಳ ಪಟ್ಟಿ ಹಿಡಿದು ಹೋಗಿ. ಲಾಕ್ ದಿನದವರೆಗೆ ಕಾಯಬೇಡಿ.