ಟೈಟಾನಿಯಂ ವಾಲ್ವಿಗೆ ಗ್ರೈಂಡಿಂಗ್ ಪೇಸ್ಟ್ ಹಚ್ಚಬೇಡಿ

ಮಾನ್ಯ ಸಂಪಾದಕರೇ,

ಮೈಸೂರು, ಮಂಡ್ಯ ಕಡೆಯ ಹುಡುಗರು ಡರ್ಟ್ ಬೈಕ್, ಎಟಿವಿಗಳ (ಮಣ್ಣಿನ ದಾರಿಯಲ್ಲಿ ಓಡುವ ನಾಲ್ಕು ಚಕ್ರದ ಬೈಕ್) ಎಂಜಿನ್‌ಗೆ ಟೈಟಾನಿಯಂ ವಾಲ್ವ್ (ಗಾಳಿ-ಪೆಟ್ರೋಲು ಒಳಬಿಟ್ಟು ಹೊಗೆ ಹೊರಬಿಡುವ ಬಾಗಿಲು) ಹಾಕಿಸಲು ಮುಂದಾಗುತ್ತಿದ್ದಾರೆ. ಸಾಮಾನೇನೋ ಒಳ್ಳೆಯದೇ. ಕೂರಿಸುವ ಕ್ರಮ ತಪ್ಪಿದರೆ ಮಾತ್ರ ವಾಲ್ವ್, ಹೆಡ್ ಎರಡೂ ಕೆಡುತ್ತವೆ.

1961ರಿಂದ 1996ರವರೆಗೆ ಮೈಸೂರಿನಲ್ಲೇ ತಯಾರಾದ ಜಾವಾ, ಯೆಜ್ಡಿಗಳು ಟೂ-ಸ್ಟ್ರೋಕ್. ಅವುಗಳಲ್ಲಿ ಇಂಥ ವಾಲ್ವೇ ಇರಲಿಲ್ಲ. ಫೋರ್-ಸ್ಟ್ರೋಕ್ ಬೈಕ್‌ಗಳ ಉಕ್ಕಿನ ವಾಲ್ವನ್ನು ಗ್ರೈಂಡಿಂಗ್ ಪೇಸ್ಟ್ (ಮರಳಿನಂತೆ ಉಜ್ಜುವ ಲೇಪ) ಹಚ್ಚಿ ಸೀಟಿನ (ವಾಲ್ವ್ ಬಂದು ಕೂರುವ ಉಂಗುರ) ಮೇಲೆ ಉಜ್ಜಿ ಕೂರಿಸುವುದು ಎಲ್ಲ ಗ್ಯಾರೇಜಿನಲ್ಲೂ ರೂಢಿ. ಟೈಟಾನಿಯಂಗೆ ಇದು ಆಗಿಬರುವುದಿಲ್ಲ. ಅದರ ಮೈಮೇಲಿರುವ ತೆಳು ಗಟ್ಟಿ ಲೇಪನವೇ ವಾಲ್ವಿಗೆ ರಕ್ಷಣೆ. ಪೇಸ್ಟ್ ಅದನ್ನು ಕೆರೆದುಹಾಕುತ್ತದೆ. ಒಳಗಿನ ಮೆತ್ತನೆಯ ಲೋಹ ಬೇಗ ಸವೆಯುತ್ತದೆ. ಹಾಗಾಗಿ ಹೊಸ ಗೈಡನ್ನೇ (ವಾಲ್ವಿನ ಕಡ್ಡಿ ಜಾರುವ ಕೊಳವೆ) ಆಧಾರವಾಗಿಟ್ಟುಕೊಂಡು ಸೀಟನ್ನು ಕಟರ್‌ನಿಂದ ಕತ್ತರಿಸಬೇಕು, ಬ್ಲೂ (ಗುರುತು ನೋಡುವ ನೀಲಿ ಬಣ್ಣ) ಹಚ್ಚಿ ವಾಲ್ವ್ ಸೀಟಿಗೆ ತಾಗಿದ ಅಚ್ಚು ನೋಡಬೇಕು. ಸ್ಪ್ರಿಂಗ್ ಹಾಕಿದ ಮೇಲೆ ಪೋರ್ಟಿಗೆ (ವಾಲ್ವಿನ ಹಿಂದಿನ ದಾರಿ) ಸೀಮೆಎಣ್ಣೆ ಸುರಿದು, ಕಂಬಶ್ಚನ್ ಚೇಂಬರ್ ಕಡೆ ವಾಲ್ವಿನ ಅಂಚು ಒದ್ದೆಯಾಗುತ್ತದೆಯೇ ಎಂದು ಪರೀಕ್ಷಿಸಬೇಕು. ಒದ್ದೆಯಾದರೆ ವಾಲ್ವ್ ಸೋರುತ್ತಿದೆ ಎಂದರ್ಥ.

ಸ್ಪ್ರಿಂಗೂ ಜೋಡಿಯಾಗಿಯೇ ಬದಲಾಗಬೇಕು. ಅದೇ ಅಳತೆಯ ಉಕ್ಕಿನ ವಾಲ್ವಿಗಿಂತ ಟೈಟಾನಿಯಂ ಸುಮಾರು ಶೇ 40ರಷ್ಟು ಹಗುರ. ಉಕ್ಕಿಗೆಂದು ಮಾಡಿದ ಬಿಗಿ ಸ್ಪ್ರಿಂಗನ್ನೇ ಉಳಿಸಿಕೊಂಡರೆ ವಾಲ್ವ್ ಸೀಟಿಗೆ ಜೋರಾಗಿ ಬಡಿಯುತ್ತದೆ. ಮುಂದೆಂದಾದರೂ ಉಕ್ಕಿಗೆ ಮರಳುವವರು ಟೈಟಾನಿಯಂನ ಮೆದು ಸ್ಪ್ರಿಂಗನ್ನು ಬಿಟ್ಟರೆ, ಹೆಚ್ಚು ಆರ್‌ಪಿಎಂನಲ್ಲಿ ವಾಲ್ವ್ ತನ್ನನ್ನು ಒತ್ತಿ ತೆರೆಯುವ ಕ್ಯಾಮ್ ಹಿಂದೆ ಓಡಲಾರದೆ ತೇಲಿ ಪಿಸ್ಟನ್‌ಗೆ ತಗುಲಬಹುದು.

ನಮ್ಮ ಊರಿನ ಕೆಮ್ಮಣ್ಣಿನ ದೂಳೇ ಈ ವಾಲ್ವಿಗೆ ದೊಡ್ಡ ಶತ್ರು. ಏರ್ ಫಿಲ್ಟರ್ ದಾಟಿ ಬಂದ ದೂಳು ಇನ್‌ಟೇಕ್ ವಾಲ್ವಿನ ಅಂಚನ್ನು ತಿನ್ನುತ್ತದೆ, ವಾಲ್ವ್ ಮೇಲಕ್ಕೇರಿ ಟ್ಯಾಪೆಟ್ ಗ್ಯಾಪ್ (ಕ್ಯಾಮ್ ಕಡೆ ಬಿಡುವ ಸಣ್ಣ ಸಂದು) ಕಡಿಮೆಯಾಗುತ್ತದೆ. ಬೆಳಿಗ್ಗೆ ಕಿಕ್ ಹೊಡೆದು ಹೊಡೆದು ಕಾಲು ಸೋತರೂ ಸ್ಟಾರ್ಟ್ ಆಗದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಎಂಜಿನ್ ತಣ್ಣಗಿದ್ದಾಗಲೇ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ಹಾಕಿ. ಗ್ಯಾಪ್ 0.12 ಮಿ.ಮೀ. ಇರಬೇಕಾದಲ್ಲಿ 0.05 ಸಿಕ್ಕಿ, ಒಳಗಿನ ಶಿಮ್ (ಗ್ಯಾಪ್ ಹೊಂದಿಸುವ ಚಿಕ್ಕ ಬಿಲ್ಲೆ) 1.80 ಆಗಿದ್ದರೆ, 1.80ಕ್ಕೆ 0.05 ಕೂಡಿಸಿ 0.12 ಕಳೆಯಿರಿ. ಬರುವುದು 1.73, ಹತ್ತಿರದ 1.725 ಹಾಕಿ. ನಿಮ್ಮ ಎಂಜಿನ್‌ನ ಅಳತೆಗೆ ಮ್ಯಾನ್ಯುಯಲ್ ನೋಡಿಕೊಳ್ಳಿ. ಶಿಮ್ ಬದಲಿಸಿದ ಕೆಲವೇ ದಿನಕ್ಕೆ ಗ್ಯಾಪ್ ಮತ್ತೆ ಕುಗ್ಗಿದರೆ ಲೇಪನ ಹೋಗಿದೆ ಎಂದೇ ಲೆಕ್ಕ. ಇನ್ನೊಂದು ಶಿಮ್ ಹುಡುಕುವುದು ವ್ಯರ್ಥ, ವಾಲ್ವೇ ಬದಲಾಗಬೇಕು.

ಫೋಮ್ ಫಿಲ್ಟರನ್ನು ಪೆಟ್ರೋಲಿನಲ್ಲಿ ತೊಳೆಯುವವರಿದ್ದಾರೆ. ಅಂಟು ಬಿಟ್ಟು ಹೊಲಿಗೆಯಂಥ ಜೋಡಣೆ ಬಾಯ್ದೆರೆಯುತ್ತದೆ. ಫಿಲ್ಟರ್ ಕ್ಲೀನರ್‌ನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಫಿಲ್ಟರ್ ಆಯಿಲ್ ಹಿಡಿಸಿ, ಅಂಚಿಗೆ ಗ್ರೀಸ್ ಸವರಿ.

ಕಬ್ಬಿನ ಗದ್ದೆ ದಾರಿಯಲ್ಲಿ ನಿಧಾನಕ್ಕೆ ಓಡುವ ಎಟಿವಿಗೂ, ಮಾಮೂಲಿ ಟ್ರೇಲ್ ಬೈಕಿಗೂ ಟೈಟಾನಿಯಂನ ಅಗತ್ಯವೇ ಇಲ್ಲ. ಬರೀ ವಾಲ್ವಿನಿಂದ ಪವರ್ ಏರದು. ಆರ್‌ಪಿಎಂ ಇಮ್ಮಡಿಯಾದರೆ ವಾಲ್ವನ್ನು ಓಡಾಡಿಸಲು ಬೇಕಾಗುವ ಬಲ ನಾಲ್ಕು ಪಟ್ಟಾಗುತ್ತದೆ. ಹಗುರ ವಾಲ್ವಿನ ಲಾಭ ಸಿಗುವುದು ಅಲ್ಲಿ. ಕಂಪನಿಯ ಇಸಿಯು (ಎಂಜಿನ್ ನಿಯಂತ್ರಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಅಷ್ಟು ಮೇಲಕ್ಕೆ ಹೋಗಲು ಬಿಡದಿದ್ದರೆ ಆ ದುಡ್ಡು ದಂಡ.

ಬಿಡಿಭಾಗ ಮಾರುವವರಲ್ಲಿ ಒಂದು ಕೋರಿಕೆ: ವಾಲ್ವ್ ಕೊಡುವಾಗ ಯಾವ ಲೇಪನ, ಯಾವ ಸ್ಪ್ರಿಂಗ್ ಮತ್ತು ರೀಟೇನರ್ (ಸ್ಪ್ರಿಂಗ್ ಹಿಡಿದಿಡುವ ಬಿಲ್ಲೆ) ಜೋಡಿ, ಯಾವ ಲೋಹದ ಸೀಟು ಹೊಂದುತ್ತದೆ ಎಂಬುದನ್ನು ಬಿಲ್ಲಿನಲ್ಲೇ ಬರೆದುಕೊಡಲಿ.

– ಬೈಕ್ ಮೆಕ್ಯಾನಿಕ್, ಮೈಸೂರು